ಆಟ ಮತ್ತು ಅನ್ನ

ಯಲಹಂಕದ ಮಗ್ಗುಲಿನ ಪುಟ್ಟೇನಹಳ್ಳಿಯಲ್ಲಿ ಸಂಜೆಯ ಹೊತ್ತು ನಡೆದಾಡುವವರಿಗೆ ಎರಡು ಬಗೆಯ ಕಲರವ ಕೇಳಿಸುತ್ತದೆ. ಒಂದು, ಕೆರೆಯ ಮರಗಳಿಗೆ ಮರಳುವ ಹಕ್ಕಿಗಳದು. ಇನ್ನೊಂದು, ಬಡಾವಣೆಯಲ್ಲಿ ಇನ್ನೂ ಮನೆ ಏಳದೆ ಉಳಿದಿರುವ ನಿವೇಶನವೊಂದರಲ್ಲಿ ಫುಟ್‌ಬಾಲ್ ಆಡುವ ಮಕ್ಕಳದು. ಎರಡು ಇಟ್ಟಿಗೆಗಳು ಈ ಕಡೆಯ ಗೋಲು. ಎರಡು ಶಾಲೆಯ ಚೀಲಗಳು ಆ ಕಡೆಯದು. ಚೀಲಗಳ ನಡುವೆ ಒಬ್ಬ ಹುಡುಗಿ ಕಾವಲು ನಿಂತಿದ್ದಳು. ಚೆಂಡಿನ ಹೊರಮೈ ಸುಲಿದುಹೋಗಿದ್ದರೂ ಆಟದ ಬಿಸಿಗೆ ಅದರಿಂದ ಏನೂ ಕುಂದು ಬಂದಿರಲಿಲ್ಲ.

ಆಟ ಮುಗಿಸಿ ನೀರು ಕುಡಿಯುತ್ತಿದ್ದ ಹುಡುಗನೊಬ್ಬ ನೀಲಿ ಅಂಗಿ ತೊಟ್ಟಿದ್ದ. ಬೆನ್ನ ಮೇಲೆ 11 ಎಂಬ ಅಂಕೆ, ಅದರ ಮೇಲೆ ಛೆಟ್ರಿಯ ಹೆಸರು. ದೊಡ್ಡವನಾದ ಮೇಲೆ ನೀನೂ ಆಟಗಾರನಾಗುವೆಯಾ ಎಂದು ವಿಚಾರಿಸಿದೆವು. ಅವನು ಕ್ಷಣಕಾಲ ಸುಮ್ಮನಿದ್ದು, "ನನಗೇನೋ ಆಸೆ ಇದೆ ಸಾರ್. ಆದ್ರೆ ನಮ್ಮಪ್ಪ ಕೇಳ್ತಾರೆ, ಆಡಿದ್ರೆ ಕೆಲಸ ಸಿಗುತ್ತಾ ಅಂತ" ಎಂದ.

ಆ ತಂದೆಯ ಪ್ರಶ್ನೆಯನ್ನು ಅರಸಿಕತೆಯೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ನಮ್ಮ ದೇಶದ ಫುಟ್‌ಬಾಲ್ ಆಟವು ಮೂರು ದಶಕಗಳಿಂದ ಉತ್ತರಿಸಲು ಹೆಣಗುತ್ತಿರುವ ಪ್ರಶ್ನೆಯೇ ಅದು. ಆಡಿದರೆ ಅನ್ನ ಹುಟ್ಟುತ್ತದೆಯೇ? ಹುಟ್ಟಿದರೆ ಎಷ್ಟು ಕಾಲ? ಯಾರ ಕೈಯಿಂದ?

ಈ ಪ್ರಶ್ನೆಗೆ ಅತ್ಯಂತ ಅಬ್ಬರದ ಉತ್ತರ ದೊರೆತದ್ದು 2014ರಲ್ಲಿ. ಆ ವರ್ಷದ ಅಕ್ಟೋಬರ್ 12ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್ ಎಂಬ ಹೊಸ ಪಂದ್ಯಾವಳಿ ಆರಂಭವಾಯಿತು. ನಗರಗಳ, ಪ್ರದೇಶಗಳ ಹೆಸರಿನಲ್ಲಿ ಎಂಟು ತಂಡಗಳು, 61 ಪಂದ್ಯಗಳು, ಎಪ್ಪತ್ತು ದಿನಗಳು. ಸಿನಿಮಾ ನಟರೂ ಕ್ರಿಕೆಟಿನ ತಾರೆಯರೂ ತಂಡಗಳ ಒಡೆತನದಲ್ಲಿ ಪಾಲುಗೊಂಡರು. ಇಟಲಿಯ ಡೆಲ್ ಪಿಯೆರೊ ದೆಹಲಿಗೆ, ಫ್ರಾನ್ಸಿನ ಪಿರೆಸ್ ಗೋವಾಕ್ಕೆ, ಟ್ರೆಝೆಗೆ ಪುಣೆಗೆ, ಸ್ವೀಡನ್ನಿನ ಯುಂಗ್‌ಬರಿ ಮುಂಬಯಿಗೆ ಬಂದರು. ತಮ್ಮ ಯೌವನದಲ್ಲಿ ಜಗತ್ತನ್ನೇ ಬೆರಗುಗೊಳಿಸಿದ್ದ ಈ ಮಹನೀಯರು ಆ ವೇಳೆಗೆ ಆಟದ ಸಂಜೆಗೆ ತಲುಪಿದ್ದರೆಂಬುದು ನಿಜ. ಆದರೂ ಅವರನ್ನು ಕಣ್ಣಾರೆ ಕಾಣಲು ಜನ ಸೇರಿದರು. ಪಂದ್ಯವೊಂದಕ್ಕೆ ಸರಾಸರಿ ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಪ್ರೇಕ್ಷಕರು. ಡಿಸೆಂಬರ್ 20ರಂದು ನವಿ ಮುಂಬಯಿಯಲ್ಲಿ ನಡೆದ ಅಂತಿಮ ಪಂದ್ಯದ ಕೊನೆಯ ಕ್ಷಣಗಳಲ್ಲಿ ಕೋಲ್ಕತ್ತ ತಂಡದ ಮೊಹಮ್ಮದ್ ರಫೀಕ್ ತಲೆಯಿಂದ ಹೊಡೆದ ಗೋಲು ಕೇರಳ ತಂಡವನ್ನು ಸೋಲಿಸಿತು. ದೂರದೇಶದ ಇಷ್ಟೊಂದು ಪ್ರಸಿದ್ಧರ ನಡುವೆ ಕೊನೆಯ ಮಾತನ್ನು ಆಡಿದವನು ಬಂಗಾಳದ ಹುಡುಗ ಎಂಬುದು ಆ ಮೊದಲ ಋತುವಿನ ಸೊಗಸಾದ ಮುಕ್ತಾಯ.

ಆ ಎಂಟು ಹೆಸರುಗಳಲ್ಲಿ ಬೆಂಗಳೂರು ಇರಲಿಲ್ಲ. ಏಪ್ರಿಲ್ ತಿಂಗಳಲ್ಲಿ ಪ್ರಕಟವಾದ ಪಟ್ಟಿಯಲ್ಲಿ ಬೆಂಗಳೂರಿನ ಹೆಸರಿತ್ತು; ಆ ತಂಡವನ್ನು ಕೊಂಡವರು ಬಳಿಕ ಹಿಂದೆ ಸರಿದರು; ಲೀಗ್ ಆರಂಭವಾಗುವ ಹೊತ್ತಿಗೆ ಆ ಸ್ಥಾನಕ್ಕೆ ಚೆನ್ನೈ ಬಂದಿತ್ತು. ವಿಚಿತ್ರವೆಂದರೆ ಅದೇ ಏಪ್ರಿಲ್ 21ರಂದು ಬೆಂಗಳೂರಿನ ತಂಡವೊಂದು ಗೋವಾದಲ್ಲಿ ಡೆಂಪೊ ತಂಡವನ್ನು 4–2ರಿಂದ ಸೋಲಿಸಿ, ಅಂದು ದೇಶದ ಅಧಿಕೃತ ಲೀಗ್ ಆಗಿದ್ದ ಐ-ಲೀಗಿನ ಪ್ರಶಸ್ತಿಯನ್ನು ಗೆದ್ದಿತ್ತು. 2013ರಲ್ಲಿ ಹುಟ್ಟಿ, ಅಶೋಕನಗರದ ಹಳೆಯ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಆಡಿ, ತನ್ನ ಮೊದಲ ಋತುವಿನಲ್ಲಿಯೇ ದೇಶಕ್ಕೆ ಮೊದಲಿಗನಾದ ಬೆಂಗಳೂರು ಎಫ್‌ಸಿ ತಂಡ ಅದು. ದೇಶದ ಚಾಂಪಿಯನ್ ಇದ್ದ ಊರಿಗೆ ದೇಶದ ಅತಿ ವೈಭವದ ಲೀಗಿನಲ್ಲಿ ಸ್ಥಾನವಿಲ್ಲ! ಆ ಲೀಗಿನಲ್ಲಿ ಸ್ಥಾನವೆಂಬುದು ಗೆದ್ದು ಪಡೆಯುವ ವಸ್ತುವಾಗಿರದೆ ಕೊಂಡು ಪಡೆಯುವ ವಸ್ತುವಾಗಿತ್ತು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಲಾಗದು. 2017ರಲ್ಲಿ ಬೆಂಗಳೂರು ತಂಡ ಆ ಲೀಗನ್ನು ಸೇರಿತು. 2019ರ ಮಾರ್ಚ್‌ನಲ್ಲಿ ಅದನ್ನೂ ಗೆದ್ದಿತು. ಊರಿನ ಮಾನಕ್ಕೆ ಸಲ್ಲಬೇಕಾದ್ದು ಸಂದಿತು. ನಮ್ಮ ಜಿಜ್ಞಾಸೆ ಮಾನದ್ದಲ್ಲ, ಅನ್ನದ್ದು.

ಈ ನಗರದ ಫುಟ್‌ಬಾಲ್ 2013ರಲ್ಲಿ ಹುಟ್ಟಿದ್ದೇನೂ ಅಲ್ಲ. ದಂಡಿನ ಪ್ರದೇಶದ ಬೀದಿಗಳಲ್ಲಿ, ಹಲಸೂರು, ಮರ್ಫಿ ಟೌನ್, ಆಸ್ಟಿನ್ ಟೌನುಗಳ ಓಣಿಗಳಲ್ಲಿ, ತಮಿಳು ಉರ್ದು ಕನ್ನಡಗಳು ಬೆರೆತ ಕೂಗಾಟದ ನಡುವೆ ಬೆಳೆದ ಆಟ ಇದು. ಬ್ರಿಟಿಷ್ ಸೈನ್ಯದ ತಂಡಗಳೇ ಗೆಲ್ಲುತ್ತಿದ್ದ ರೋವರ್ಸ್ ಕಪ್ಪನ್ನು 1937ರಲ್ಲಿ ಗೆದ್ದು, ಆ ಗೌರವ ಪಡೆದ ಮೊದಲ ಭಾರತೀಯ ನಾಗರಿಕ ತಂಡವಾದದ್ದು ಬೆಂಗಳೂರು ಮುಸ್ಲಿಮ್ಸ್. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಸ್ವತಂತ್ರ ಭಾರತದ ಮೊದಲ ಗೋಲು ಹೊಡೆದವರು ಮೈಸೂರು ಸಂಸ್ಥಾನದ ಸಾರಂಗಪಾಣಿ ರಾಮನ್. ಬೆಂಗಳೂರಿನ ಅಹಮದ್ ಖಾನ್ ಕೋಲ್ಕತ್ತದ ಈಸ್ಟ್ ಬೆಂಗಾಲ್ ತಂಡದ 'ಪಂಚ ಪಾಂಡವ'ರಲ್ಲಿ ಒಬ್ಬರಾಗಿ ಬಂಗಾಳಿಗಳ ಮನೆಮಾತಾದರು. ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ ನಾಲ್ಕು ಬಾರಿ ಗೆದ್ದಿತು.

ಇದೆಲ್ಲ ಹಳೆಯ ವೈಭವದ ಪಟ್ಟಿಯೆಂದು ವಾಚಕರು ಭಾವಿಸಬಾರದು. ಇದರ ಹಿಂದೆ ಒಂದು ವ್ಯವಸ್ಥೆ ಇತ್ತು. ಸ್ವಾತಂತ್ರ್ಯಾನಂತರ ಬೆಂಗಳೂರಿನಲ್ಲಿ ಎದ್ದ ಸಾರ್ವಜನಿಕ ಕಾರ್ಖಾನೆಗಳು ಆಟಗಾರರಿಗೆ ನೌಕರಿ ಕೊಟ್ಟವು. 1948ರಲ್ಲಿ ದೂರವಾಣಿನಗರದಲ್ಲಿ ನೆಲೆಗೊಂಡ ಐಟಿಐ, ಅದಕ್ಕೂ ಮುಂಚೆ 1940ರಲ್ಲಿ ಸ್ಥಾಪನೆಯಾಗಿದ್ದ ಹೆಚ್ಎಎಲ್ ಮೊದಲಾದವು ತಂಡಗಳನ್ನು ಕಟ್ಟಿ ಸಲಹಿದವು. ಬೆಳಿಗ್ಗೆ ಹಾಜರಿ ಪುಸ್ತಕಕ್ಕೆ ರುಜು, ಮಧ್ಯಾಹ್ನ ಕ್ಯಾಂಟೀನಿನ ಊಟ, ಸಂಜೆ ಮೈದಾನ. 1977ರಲ್ಲಿ ದೇಶದ ಕ್ಲಬ್ಬುಗಳಿಗಾಗಿ ಮೊಟ್ಟಮೊದಲ ಫೆಡರೇಷನ್ ಕಪ್ ಪಂದ್ಯಾವಳಿ ಕೇರಳದಲ್ಲಿ ನಡೆದಾಗ ಅಂತಿಮ ಪಂದ್ಯದಲ್ಲಿ ಮೋಹನ್ ಬಾಗಾನ್ ತಂಡವನ್ನು 1–0ಯಿಂದ ಸೋಲಿಸಿದ್ದು ಇದೇ ಐಟಿಐ. ಫ್ರಾನ್ಸಿನಿಂದಲೂ ಇಟಲಿಯಿಂದಲೂ ಯಾರೂ ಬಂದಿರಲಿಲ್ಲ. ದೂರವಾಣಿ ಯಂತ್ರಗಳನ್ನು ತಯಾರಿಸುವ ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದ ಹನ್ನೊಂದು ಮಂದಿ ಭಾರತದ ಅತಿ ಪ್ರಸಿದ್ಧ ಕ್ಲಬ್ಬನ್ನು ಮಣಿಸಿದ್ದರು.

ಆ ಕಾಲದಲ್ಲಿ ಪುಟ್ಟೇನಹಳ್ಳಿಯ ಹುಡುಗನ ತಂದೆ ತನ್ನ ಪ್ರಶ್ನೆ ಕೇಳಿದ್ದರೆ ಉತ್ತರ ಸರಳವಾಗಿತ್ತು. ಹೌದು, ಚೆನ್ನಾಗಿ ಆಡಿದರೆ ಕೆಲಸ ಸಿಗುತ್ತದೆ. ಮೊಣಕಾಲು ಸೋತ ಮೇಲೂ ಆ ಕೆಲಸ ಉಳಿಯುತ್ತದೆ. ನಿವೃತ್ತಿಯ ವಯಸ್ಸಿನವರೆಗೆ ತಿಂಗಳ ಸಂಬಳ ಬರುತ್ತದೆ. ಸಂಬಳ ದೊಡ್ಡದಲ್ಲ, ಆದರೆ ಅದು ನಿಲ್ಲುವುದಿಲ್ಲ.

ಹಾಗೆಂದು ಆ ವ್ಯವಸ್ಥೆಯನ್ನು ಸ್ವರ್ಗವೆಂದು ಬಣ್ಣಿಸುವುದೂ ಸರಿಯಲ್ಲ. ದಿನದ ಅರ್ಧವನ್ನು ಕಚೇರಿಗೆ ಕೊಟ್ಟು ಉಳಿದರ್ಧದಲ್ಲಿ ಚೆಂಡಾಡಿದವನು, ದಿನವಿಡೀ ಆಟವನ್ನೇ ಉಸಿರಾಡುವ ಪರದೇಶದ ಆಟಗಾರನಿಗೆ ಸಮನಾಗಿ ನಿಲ್ಲಲಾರ. ನಮ್ಮ ರಂಗಭೂಮಿಯ ಇತಿಹಾಸ ಬಲ್ಲವರಿಗೆ ಈ ವ್ಯತ್ಯಾಸ ಹೊಸದಲ್ಲ. ಹವ್ಯಾಸಿ ಎನ್ನುತ್ತೇವೆ, ವೃತ್ತಿ ಎನ್ನುತ್ತೇವೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪೆನಿಯ ನಟನಿಗೆ ನಾಟಕವೇ ಅನ್ನವಾಗಿತ್ತು. ಆದುದರಿಂದಲೇ ಅವನ ಕಂಠಕ್ಕೆ, ಅವನ ಹೆಜ್ಜೆಗೆ ಆ ಪಳಗುವಿಕೆ ಬಂದಿತ್ತು. ಕರಾವಳಿಯ ಯಕ್ಷಗಾನ ಮೇಳಗಳಲ್ಲಿ ಒಂದು ಋತುವಿನ ಆಟಗಳಿಗೆ 'ತಿರುಗಾಟ' ಎಂಬ ಅರ್ಥಪೂರ್ಣ ಹೆಸರಿದೆ. ತಿರುಗಾಟದ ಉದ್ದಕ್ಕೂ ಕಲಾವಿದನಿಗೆ ಅನ್ನವಿದೆ. ಪತ್ತನಾಜೆ ಕಳೆದು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದಲ್ಲಿ ಏನು ಎಂಬ ಚಿಂತೆಯೂ ಇದೆ. ವೃತ್ತಿಯ ಬೆಳಕೂ ನೆರಳೂ ಇವೇ. ಕಲೆಗೆ ವೃತ್ತಿ ಬೇಕು. ವೃತ್ತಿಗೆ ನೆಲೆ ಬೇಕು. ನೆಲೆಯಿಲ್ಲದ ವೃತ್ತಿ ಎಷ್ಟು ವೈಭವದಿಂದ ಆರಂಭವಾದರೂ ಮೊದಲ ತಿರುಗಾಟದ ನೆನಪಾಗಿ ಉಳಿದೀತು.

ಆರಂಭಶೂರತ್ವ ಎಂಬ ಮಾತು ನಮ್ಮ ಫುಟ್‌ಬಾಲಿಗೆ ನೋವಾಗುವಷ್ಟು ಒಪ್ಪುತ್ತದೆ. 1996ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಆರಂಭವಾಯಿತು; ದೇಶದ ಆಟಕ್ಕೆ ಹೊಸ ಯುಗ ಎಂದರು. ಮೊದಲ ಋತುವನ್ನು ಗೆದ್ದದ್ದು ಪಂಜಾಬಿನ ಫಗ್ವಾರದ ಜೆಸಿಟಿ ಗಿರಣಿಯ ತಂಡ. 2007ರಲ್ಲಿ ಅದರ ಸ್ಥಾನಕ್ಕೆ ಐ-ಲೀಗ್ ಬಂತು. ಮತ್ತೆ ಹೊಸ ಯುಗ ಎಂದರು. ಆ ಮೊದಲ ಋತುವಿನ ಹತ್ತು ತಂಡಗಳಲ್ಲಿ ಬೆಂಗಳೂರಿನದು ಒಂದೂ ಇರಲಿಲ್ಲ. 2011ರಲ್ಲಿ ಜೆಸಿಟಿ ತನ್ನ ತಂಡವನ್ನೇ ಮುಚ್ಚಿತು. ರಾಷ್ಟ್ರೀಯ ಲೀಗಿನ ಮೊದಲ ವಿಜೇತನ ಆಯುಸ್ಸು, ಗೆದ್ದ ಮೇಲೆ ಹದಿನಾಲ್ಕೇ ವರ್ಷ. 2012ರಲ್ಲಿ ಹೆಚ್ಎಎಲ್ ಮೇಲಿನ ಲೀಗಿನಿಂದ ಕೆಳಗಿಳಿಯಿತು. ಇನ್ನು 2014ರ ಎಂಟು ತಂಡಗಳ ಕಥೆ: 2019ರಲ್ಲಿ ಪುಣೆಯ ತಂಡ ಇಲ್ಲವಾಯಿತು, ದೆಹಲಿಯ ತಂಡ ಗಂಟುಮೂಟೆ ಕಟ್ಟಿ ಭುವನೇಶ್ವರಕ್ಕೆ ಹೊರಟು ಒಡಿಶಾ ಎಂಬ ಹೆಸರು ತಳೆಯಿತು, ಮೊದಲ ವರ್ಷದ ವಿಜೇತ ತಂಡ 2020ರಲ್ಲಿ ಮೋಹನ್ ಬಾಗಾನ್ ಜೊತೆ ಲೀನವಾಯಿತು. ದೆಹಲಿಯ ತಂಡಕ್ಕಾಗಿ ಐದು ವರ್ಷ ಗಂಟಲು ಹರಿದುಕೊಂಡ ಹುಡುಗನೊಬ್ಬನಿದ್ದರೆ, ಒಂದು ಬೆಳಿಗ್ಗೆ ಎದ್ದು ನೋಡುವಾಗ ಅವನ ಭಕ್ತಿಯ ದೇವರು ಬೇರೆ ಊರಿಗೆ ಹೋಗಿಯಾಗಿತ್ತು.

ಇದಕ್ಕೆ ಎದುರಾಗಿ ಇಂಗ್ಲೆಂಡಿನ ಮೊದಲ ಲೀಗನ್ನು ನೋಡೋಣ. 1888ರಲ್ಲಿ ಹನ್ನೆರಡು ಕ್ಲಬ್ಬುಗಳು ಸೇರಿ ಅದನ್ನು ಕಟ್ಟಿದವು. ಹೆಚ್ಚಿನವು ಗಿರಣಿಗಳ, ಕಾರ್ಖಾನೆಗಳ ಊರಿನವು. ಆ ಹನ್ನೆರಡರಲ್ಲಿ ಹನ್ನೊಂದು ಇಂದಿಗೂ ಬದುಕಿವೆ. ಆದರೆ ಅದು ಬಹಳ ಹಳೆಯ ಮಾತು, ನಮಗೆ ಹೋಲಿಕೆಯಲ್ಲ ಎನ್ನುವವರು ಜಪಾನನ್ನು ನೋಡಬೇಕು. ಅಲ್ಲಿಯೂ ನಮ್ಮಲ್ಲಿದ್ದಂತೆಯೇ ಕಾರ್ಖಾನೆಗಳ ತಂಡಗಳಿದ್ದವು. 1993ರಲ್ಲಿ ಹತ್ತು ತಂಡಗಳಿಂದ ವೃತ್ತಿಪರ ಲೀಗ್ ಆರಂಭಿಸುವಾಗ ಅಲ್ಲಿಯ ಹಿರಿಯರು ಕೆಲವು ಕಟ್ಟುಪಾಡುಗಳನ್ನು ವಿಧಿಸಿದರು. ತಂಡ ಒಂದು ಊರಿಗೆ ಸೇರಬೇಕು. ಕಂಪೆನಿಯ ಹೆಸರಿಗಿಂತ ಊರಿನ ಹೆಸರು ಮುಂದಾಗಬೇಕು. ಕಿರಿಯರ ತಂಡಗಳನ್ನು ಸಾಕಬೇಕು. ಸುಮಿಟೊಮೊ ಉಕ್ಕಿನ ಕಾರ್ಖಾನೆಯ ತಂಡ ಹೀಗೆ ಕಾಶಿಮಾ ಎಂಬ ಸಣ್ಣ ಊರಿನ ತಂಡವಾಯಿತು. ಪ್ರಸಿದ್ಧರು ಅಲ್ಲಿಗೂ ಬಂದರು. ಬ್ರೆಜಿಲಿನ ಝೀಕೊ ಆ ಸಣ್ಣ ಊರಿನಲ್ಲಿಯೇ ಆಡಿದರು. ಆದರೆ ಪ್ರಸಿದ್ಧರು ಹೋದ ಮೇಲೂ ಊರು ಉಳಿಯಿತು, ಊರಿನ ಜೊತೆ ತಂಡ ಉಳಿಯಿತು. ಹತ್ತು ತಂಡಗಳಿಂದ ಹೊರಟ ಲೀಗ್ 2024ರ ಹೊತ್ತಿಗೆ ಮೂರು ಶ್ರೇಣಿಗಳಲ್ಲಿ 60 ತಂಡಗಳಾಗಿ ಬೆಳೆದಿತ್ತು. ಅಮೆರಿಕದವರು ಪೆಲೆಯಂಥ ಪೆಲೆಯನ್ನೇ 1975ರಲ್ಲಿ ಕರೆತಂದರೂ ಅವರ ಅಂದಿನ ಲೀಗ್ 1984ರ ಋತುವಿನಾಚೆಗೆ ಬದುಕಲಿಲ್ಲ. ಬೆಳೆಯುವ ಪೈರನ್ನು ಮೊಳಕೆಯಲ್ಲಿ ಕಾಣಬಹುದೆಂಬ ಗಾದೆ ನಿಜವಾದರೂ, ಮೊಳಕೆಯನ್ನು ನೋಡುವಾಗ ಅದಕ್ಕೆ ಕಟ್ಟಿದ ತೋರಣವನ್ನು ನೋಡುತ್ತ ನಿಲ್ಲಬಾರದು, ಮಣ್ಣನ್ನು ನೋಡಬೇಕು.

ನಮ್ಮ ಐಟಿಐ ದೂರವಾಣಿನಗರದ ತಂಡವಾಗಲಿಲ್ಲ. ಹೆಚ್ಎಎಲ್ ಹಳೆ ವಿಮಾನಪುರದ ತಂಡವಾಗಲಿಲ್ಲ. ಕಾರ್ಖಾನೆಯ ಸ್ಥಿತಿ ಇಳಿದಂತೆ ತಂಡದ ಸ್ಥಿತಿಯೂ ಇಳಿಯಿತು. ಅರ್ಧ ಶತಮಾನ ಕೂಡಿಟ್ಟ ಅನುಭವ, ಅಭಿಮಾನ, ಬೀದಿಯ ನಂಟು ಯಾವ ಹೊಸ ಪಾತ್ರೆಗೂ ಸುರಿಯದೆ ನೆಲದಲ್ಲಿ ಇಂಗಿಹೋಯಿತು. ನಮ್ಮ ಫುಟ್‌ಬಾಲಿನ ನಿಜವಾದ ನಷ್ಟ ಇದು ಎಂದು ನಾವು ಭಾವಿಸುತ್ತೇವೆ.

ಹೊಸ ಲೀಗ್ ಏನನ್ನೂ ಕೊಡಲಿಲ್ಲವೆಂದರೆ ಅಪಚಾರವಾದೀತು. ಅದು ಆಟಗಾರನ ಸಂಬಳವನ್ನು ಹಿಂದೆಂದೂ ಕಾಣದ ಮಟ್ಟಕ್ಕೆ ಏರಿಸಿತು. ಹಸಿರು ಹುಲ್ಲಿನ ಅಂಗಣ, ನುರಿತ ತರಬೇತುದಾರ, ವೈದ್ಯ, ಪಥ್ಯದ ಊಟ ಇವೆಲ್ಲ ಆಟಗಾರನ ಹಕ್ಕೆಂಬುದನ್ನು ಸ್ಥಾಪಿಸಿತು. ಮೊದಲ ವರ್ಷ ಅಂಗಣದಲ್ಲಿ ಹನ್ನೊಂದರಲ್ಲಿ ಐವರು ಭಾರತೀಯರಿದ್ದರೆ ಸಾಕೆಂಬ ನಿಯಮವಿತ್ತು. 2017ರಲ್ಲಿ ಅದು ಆರಾಯಿತು, 2021ರಲ್ಲಿ ಏಳಾಯಿತು. ಬೆಂಗಳೂರು ತಂಡ 2016ರಲ್ಲಿ ಎಎಫ್‌ಸಿ ಕಪ್ಪಿನ ಅಂತಿಮ ಪಂದ್ಯದವರೆಗೆ ಹೋಗಿ, ಏಷ್ಯಾದ ಮಟ್ಟದಲ್ಲಿಯೂ ನಮ್ಮವರು ಎದೆಗೊಟ್ಟು ನಿಲ್ಲಬಲ್ಲರೆಂದು ತೋರಿಸಿತು. ಅಶೋಕನಗರದ ಪಶ್ಚಿಮದ ಮೆಟ್ಟಿಲುಗಳ ಮೇಲೆ ನಿಂತು ಹಾಡಿದ ನೀಲಿ ಅಂಗಿಯ ಅಭಿಮಾನಿಗಳು, ತಂಡ ಕಂಠೀರವ ಕ್ರೀಡಾಂಗಣಕ್ಕೆ ಹೋದಾಗ ತಾವೂ ಹೋದರು. ಪುಟ್ಟೇನಹಳ್ಳಿಯ ಹುಡುಗನ ಅಂಗಿಯೇ ಅದಕ್ಕೆ ಸಾಕ್ಷಿ.

ಆದರೆ ಈ ಕಟ್ಟಡವೆಲ್ಲ ನಿಂತಿದ್ದುದು ಒಂದು ಕಾಗದದ ಮೇಲೆ. 2010ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಒಕ್ಕೂಟವು ಹದಿನೈದು ವರ್ಷಗಳ ಅವಧಿಗೆ, 700 ಕೋಟಿ ರೂಪಾಯಿಗಳಿಗೆ, ಆಟದ ವಾಣಿಜ್ಯ ಹಕ್ಕುಗಳನ್ನು ಖಾಸಗಿ ಕಂಪೆನಿಗೆ ಬರೆದುಕೊಟ್ಟಿತ್ತು. ಅವಧಿ ಮುಗಿಯುವ ವರ್ಷ ಬಂದಿತು. ಮುಂದಿನ ಕರಾರು ಸಿದ್ಧವಾಗಿರಲಿಲ್ಲ. 2025ರಲ್ಲಿ ಎಂದಿನ ಕಾಲಕ್ಕೆ ಆರಂಭವಾಗಬೇಕಿದ್ದ ಋತು ಆರಂಭವಾಗಲಿಲ್ಲ. ಆ ಆಗಸ್ಟಿನಲ್ಲಿ ಬೆಂಗಳೂರು ತಂಡವು ತನ್ನ ಮೊದಲ ದರ್ಜೆಯ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿದಿರುವುದಾಗಿ ಪ್ರಕಟಿಸಿತು. ಕಿರಿಯರ ತರಬೇತಿಯನ್ನು ನಿಲ್ಲಿಸುವುದಿಲ್ಲವೆಂದೂ ಹೇಳಿತು. ಆ ಮಾತು ಅದರ ಗೌರವಕ್ಕೆ ತಕ್ಕುದಾಗಿತ್ತು. ಲೀಗ್ ಇಲ್ಲದೆ ತಂಡಕ್ಕೆ ಆದಾಯವಿಲ್ಲ ಎಂಬ ವಾದವನ್ನೂ ಅಲ್ಲಗಳೆಯಲಾಗದು. ಆದರೂ ತಿಂಗಳ ಕೊನೆಯಲ್ಲಿ ಮನೆಬಾಡಿಗೆ ಕಟ್ಟಬೇಕಾದ ಒಬ್ಬ ಸಾಮಾನ್ಯ ಆಟಗಾರನನ್ನು ನೆನೆಯಿರಿ. ದೊಡ್ಡ ಹೆಸರಿನವರು ಹೇಗೋ ದಾಟಿಕೊಂಡಾರು. ಅಂಗಿಯ ಬೆನ್ನಿನ ಮೇಲೆ ಯಾರೂ ಬರೆಸಿಕೊಳ್ಳದ ಹೆಸರಿನವನ ಗತಿಯೇನು? ಐಟಿಐಯ ಹಾಜರಿ ಪುಸ್ತಕಕ್ಕಿಂತ ಹತ್ತು ಪಟ್ಟು, ನೂರು ಪಟ್ಟು ದೊಡ್ಡ ಸಂಬಳ ಅವನಿಗಿತ್ತು. ಆ ಪುಸ್ತಕದ ಭದ್ರತೆ ಮಾತ್ರ ಇರಲಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ಕಾಲವನ್ನು ಹಿಂದಕ್ಕೆ ತಿರುಗಿಸಿ ಕಾರ್ಖಾನೆಯ ಕ್ಯಾಂಟೀನಿಗೆ ಮರಳಲು ಸಾಧ್ಯವಿಲ್ಲ. ಅದು ಅಪೇಕ್ಷಣೀಯವೂ ಅಲ್ಲ. ಆದರೆ ಹಳೆಯದರ ಭದ್ರತೆಯನ್ನೂ ಹೊಸದರ ಪಳಗುವಿಕೆಯನ್ನೂ ಕೂಡಿಸಬಹುದು. ಆಟಗಾರನ ಕರಾರಿನ ಸಂಬಳಕ್ಕೆ ಈಡಾಗಿ ಪ್ರತಿ ತಂಡವೂ ಋತುವಿನ ಆರಂಭದಲ್ಲಿಯೇ ಒಂದು ನಿಧಿಯನ್ನು ಠೇವಣಿ ಇಡುವಂತಾಗಲಿ. ಹದಿನೇಳನೆಯ ವಯಸ್ಸಿಗೆ ಓದು ಬಿಟ್ಟು ತರಬೇತಿಗೆ ಸೇರುವ ಹುಡುಗನ ಶಿಕ್ಷಣದ ಹೊಣೆಯನ್ನು ತಂಡವೇ ಹೊರಲಿ. ಮೂವತ್ತೈದಕ್ಕೆ ಮುಗಿಯುವ ವೃತ್ತಿಯ ಮುಂದೆ ಇನ್ನೊಂದು ಅರ್ಧ ಆಯುಸ್ಸು ಕಾದಿರುತ್ತದೆ. ಗೆದ್ದವನು ಮೇಲೇರುವ, ಸೋತವನು ಕೆಳಗಿಳಿಯುವ ನಿಯಮ ಮೇಲಿನಿಂದ ಕೆಳಗಿನವರೆಗೆ ಒಂದೇ ಏಣಿಯಾಗಲಿ. ನಮ್ಮ ರಾಜ್ಯ ಸಂಸ್ಥೆಯ ಸೂಪರ್ ಡಿವಿಷನ್ ಪಂದ್ಯಗಳಲ್ಲಿ ಆಡುವ ತಂಡಕ್ಕೂ ಅದರ ಕೊನೆಯ ಮೆಟ್ಟಿಲು ಕಾಣುವಂತಿರಲಿ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ, 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿಯನ್ನು ಮನೆಗೆ ತಂದ ಕರ್ನಾಟಕದ ತರುಣರು ಬೆಳೆದದ್ದು ಇಂಥ ಸ್ಥಳೀಯ ಪಂದ್ಯಗಳ ಧೂಳಿನಲ್ಲಿಯೇ. ಅಬ್ಬರದ ಲೀಗಿನ ಬೆಳಕಿನಲ್ಲಿ ಆ ಗೆಲುವಿಗೆ ಸಿಗಬೇಕಾದಷ್ಟು ಗಮನ ಸಿಗಲಿಲ್ಲ.

ಎಲ್ಲಕ್ಕೂ ಮೊದಲಿನದು ಮೈದಾನ. ಪುಟ್ಟೇನಹಳ್ಳಿಯ ಕೆರೆಯ ಕಥೆ ನಮಗೊಂದು ಪಾಠ ಹೇಳುತ್ತದೆ. ಸುತ್ತ ಬಡಾವಣೆಗಳು ಒತ್ತಿಬಂದಾಗ, ಈ ನೀರು ಹಕ್ಕಿಗಳಿಗೆ ಸೇರಿದ್ದು ಎಂದು ಹಟ ಹಿಡಿದ ಜನರಿದ್ದರು. 2015ರಲ್ಲಿ ಅದು ಪಕ್ಷಿಗಳ ಸಂರಕ್ಷಣೆಗಾಗಿ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಬಣ್ಣದ ಕೊಕ್ಕರೆಗೆ ಗೂಡು ಕಟ್ಟಲು ಮರ ಬೇಕು, ಅದನ್ನು ಉಳಿಸಬೇಕು ಎಂದು ಸರ್ಕಾರವೂ ಸಮಾಜವೂ ಒಪ್ಪಿದ ಮೇಲೆ, ಹನ್ನೆರಡು ವರ್ಷದ ಹುಡುಗನಿಗೆ ಓಡಲು ನೂರು ಗಜ ನೆಲ ಬೇಕೆಂಬುದನ್ನು ಒಪ್ಪಲು ಏನಡ್ಡಿ? ಇಂದು ಬಡಾವಣೆಗಳಲ್ಲಿ ಕೃತಕ ಹುಲ್ಲು ಹಾಸಿದ, ಬಲೆ ಕಟ್ಟಿದ ಅಂಗಣಗಳಿವೆ. ಗಂಟೆಗೆ ಇಷ್ಟೆಂದು ಬಾಡಿಗೆ. ಹಣವುಳ್ಳ ಮಕ್ಕಳು ಚಂದಾ ಎತ್ತಿ ಆಡುತ್ತಾರೆ. ಇಲ್ಲದವರು ಬಲೆಯ ಹೊರಗೆ ನಿಂತು, ಪುಟಿದು ಬಂದ ಚೆಂಡನ್ನು ಎತ್ತಿಕೊಡುತ್ತಾರೆ. ಪ್ರತಿ ವಾರ್ಡಿಗೂ ಒಂದು ತೆರೆದ ಮೈದಾನ, ಸಂಜೆ ಬೀಗ ಹಾಕದ ಶಾಲೆಯ ಅಂಗಳ: ಇವೆರಡಕ್ಕೆ ತಗಲುವ ವೆಚ್ಚ, ಒಬ್ಬ ಪರದೇಶದ ತಾರೆಯ ಒಂದು ಋತುವಿನ ಸಂಭಾವನೆಯ ಮುಂದೆ ದೊಡ್ಡದೇನಲ್ಲ. ಅಧ್ಯಾಪಕ ಮಿತ್ರರಲ್ಲಿ ನಮ್ಮ ವಿನಂತಿ ಇಷ್ಟೇ. ನಿಮ್ಮ ಶಾಲೆಯ ಅಂಗಳದ ಬೀಗದ ಕೈ ಯಾರಲ್ಲಿದೆ ಎಂದು ಒಮ್ಮೆ ವಿಚಾರಿಸಿ.

ನೀಲಿ ಅಂಗಿಯ ಹುಡುಗನಿಗೆ ನಾವು ಆ ಸಂಜೆ ಖಚಿತವಾದ ಉತ್ತರ ಕೊಡಲಾರದೆ ಹೋದೆವು. ಆಡು, ಓದನ್ನೂ ಬಿಡಬೇಡ ಎಂದೆವು. ಹಿರಿಯರು ನುಣುಚಿಕೊಳ್ಳುವಾಗ ಆಡುವ ಮಾತು ಅದು ಎಂಬುದು ಅವನಿಗೂ ತಿಳಿದಿದ್ದೀತು. ಅವನು ನಕ್ಕು, ಚೀಲ ಹೆಗಲಿಗೇರಿಸಿದ. ಚೀಲ ಎತ್ತಿದೊಡನೆ ಆ ಕಡೆಯ ಗೋಲು ಮಾಯವಾಯಿತು. ಈ ಕಡೆಯ ಇಟ್ಟಿಗೆಗಳು ಉಳಿದವು. ಅವು ನಿವೇಶನದ ಮಾಲಿಕರು ಪಾಯಕ್ಕೆಂದು ತಂದಿಳಿಸಿದ ರಾಶಿಯವು. ಬಹುಶಃ ಮುಂದಿನ ಬೇಸಿಗೆಯೊಳಗೆ ಅಲ್ಲಿ ಮನೆ ಎದ್ದಿರುತ್ತದೆ. ಅಷ್ಟರೊಳಗೆ ಆ ಮಕ್ಕಳಿಗೆ ಇನ್ನೊಂದು ನೆಲವನ್ನು ತೋರಿಸುವುದು ನಮ್ಮಿಂದಾದರೆ, ಅವನ ತಂದೆಯ ಪ್ರಶ್ನೆಗೆ ಉತ್ತರಿಸಲು ಆರಂಭಿಸಿದ್ದೇವೆಂದು ಹೇಳಿಕೊಳ್ಳಬಹುದು.